ಹಳೇ ಎಫ್‌ಎಂ ಕಾರ್ಯಕ್ರಮ ಹುಡುಕಬೇಡಿ, ಇವತ್ತಿನದನ್ನು ರೆಕಾರ್ಡ್ ಮಾಡಿ

ಚಿಕ್ಕಂದಿನಲ್ಲಿ ಹಾಸನ ಆಕಾಶವಾಣಿಯ ಎಫ್‌ಎಂ 102.2ರಲ್ಲಿ ಕೇಳಿದ ಕಾರ್ಯಕ್ರಮಗಳ ರೆಕಾರ್ಡಿಂಗ್ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ಆ ರೇಡಿಯೋ ಕಾಲ ಮುಗಿದೇ ಹೋಯಿತಲ್ವಾ ಅಂತಲೂ ಬರೆದಿದ್ದೀರಿ. ನನ್ನ ಹತ್ತಿರ ಆ ಕಾಲದ ಕ್ಯಾಸೆಟ್ ಒಂದು ಟ್ರಂಕ್ ತುಂಬ ಇವೆ. ಎಲ್ಲವೂ ರೇಡಿಯೋದಿಂದ ನಾನೇ ರೆಕಾರ್ಡ್ ಮಾಡಿದ್ದು. ಅದರಲ್ಲಿ ನನಗೆ ಬೇಕಾದದ್ದು ಮಾತ್ರ ಇಲ್ಲ.

ನಮ್ಮದು ಸೋಮವಾರಪೇಟೆ ಕಡೆಯ ಹಳ್ಳಿ. ನಮ್ಮ ಸ್ಟೇಷನ್ ಮಡಿಕೇರಿ ಆಕಾಶವಾಣಿ, ಎಫ್‌ಎಂ 103.1. ಅದು ಶುರುವಾಗಿದ್ದು 1993ರಲ್ಲಿ. ಅದಕ್ಕೆ ಮೊದಲು ಮನೆಯಲ್ಲಿ ಮೀಡಿಯಂ ವೇವ್‌ನಲ್ಲಿ ಬೆಂಗಳೂರು, ಭದ್ರಾವತಿ ಹಚ್ಚುತ್ತಿದ್ದರು. ಕತ್ತಲಾದರೆ ಸಾಕು, ಎಲ್ಲಿಯದೋ ಭಾಷೆ ನಡುವೆ ನುಗ್ಗುತ್ತಿತ್ತು. ಗುಡುಗು ಬಂದರೆ ಬರೀ ಚರಚರ. ಎಫ್‌ಎಂ ಬಂದ ಮೇಲೆ ಓದುವವರು ಹಾಳೆ ಮಗುಚಿದ ಸದ್ದೂ ಕೇಳಿಸಿತು! ನಮ್ಮ ಮನೆ ಮಾತ್ರ ದಿಣ್ಣೆಯ ಮರೆಯಲ್ಲಿತ್ತು. ಎಫ್‌ಎಂ ಅಲೆ ನೇರ ಹೋಗುವುದು, ಗುಡ್ಡ ಹತ್ತಿ ಇಳಿಯುವುದಿಲ್ಲ. ಅಪ್ಪ ಏರಿಯಲ್ ತುದಿಗೆ ತಾಮ್ರದ ತಂತಿ ಸುತ್ತಿ ಹಿತ್ತಲ ಹಲಸಿನ ಮರಕ್ಕೆ ಎಳೆದಿದ್ದರು. ಸಿಡಿಲಿನ ದಿನಗಳಲ್ಲಿ ಅದನ್ನು ಬಿಚ್ಚಿಡುವುದು ನನ್ನ ಕೆಲಸ.

ಕನ್ನಡ, ಕೊಡವ ತಕ್ಕ್, ಅರೆಭಾಷೆ ಎಲ್ಲವೂ ಅದೇ ಸ್ಟೇಷನ್ನಿನಲ್ಲಿ ಬರುತ್ತಿತ್ತು. ಮಳೆಗಾಲದಲ್ಲಂತೂ ರೇಡಿಯೋ ಬಿಟ್ಟು ಏಳುತ್ತಿರಲಿಲ್ಲ. ಎಲ್ಲೆಲ್ಲಿ ಎಷ್ಟು ಮಿಲಿಮೀಟರ್ ಮಳೆ, ಹಾರಂಗಿ ಜಲಾಶಯ ಎಷ್ಟು ಅಡಿ ತುಂಬಿತು, ಶಾಲೆಗೆ ರಜೆ ಉಂಟೋ ಇಲ್ಲವೋ. ಹಾರಂಗಿಯ ಪೂರ್ತಿ ಮಟ್ಟ 2,859 ಅಡಿ ಅನ್ನುವುದು ನನಗೆ ಇವತ್ತಿಗೂ ಬಾಯಿಪಾಠ. ಕರೆಂಟು ದಿನಗಟ್ಟಲೆ ಹೋಗುತ್ತಿತ್ತು, ಸೆಲ್ ಹಾಕಿದ ರೇಡಿಯೋ ಮಾತಾಡುತ್ತಲೇ ಇರುತ್ತಿತ್ತು.

ಎಲ್ಲಕ್ಕಿಂತ ಜಾಸ್ತಿ ಇಷ್ಟ ಫೋನ್-ಇನ್. ಹಾಡು ಕೇಳಲು ಫೋನ್ ಮಾಡಿದವರನ್ನು ಕಾರ್ಯಕ್ರಮ ನಡೆಸುವವರು ಸುಮ್ಮನೆ ಬಿಡುತ್ತಿರಲಿಲ್ಲ. ಎಲ್ಲಿಂದ ಮಾತಾಡ್ತಿದ್ದೀರಿ, ಊಟ ಆಯ್ತಾ, ನಿಮ್ಮ ಕಡೆ ಮಳೆ ಹೇಗಿದೆ, ಹಾಡು ಯಾರ್ಯಾರಿಗೆ ಕೇಳಿಸಬೇಕು? ಫೋನ್ ಮಾಡಿದವರು ಮನೆಯವರು, ಅಕ್ಕಪಕ್ಕದವರು, ತೋಟಕ್ಕೆ ಬರುವವರು ಎಲ್ಲರ ಹೆಸರನ್ನೂ ಉಸಿರು ಬಿಡದೆ ಹೇಳುತ್ತಿದ್ದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ನೀವೂ ಇದನ್ನೇ ಮಾಡಹೊರಟಿದ್ದೀರಿ ಅನಿಸಿದ್ದರಿಂದ ಬಿಡಿಸಿ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಟೂ-ಇನ್-ಒನ್ ಇತ್ತು, ರೇಡಿಯೋ, ಕ್ಯಾಸೆಟ್ ಎರಡೂ ಒಂದೇ ಸೆಟ್ಟಿನಲ್ಲಿ. ಪ್ಲೇ ಮತ್ತು ರೆಕಾರ್ಡ್‌ನ ಕೆಂಪು ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿ, ಟೇಪ್ ತಡೆದು ನಿಲ್ಲಿಸುವ ಪಾಸ್ ಗುಂಡಿ ಹಾಕಿ ಕಾಯುತ್ತಿದ್ದೆ. ಹಾಡಿನ ಮೊದಲ ಸ್ವರ ಬಂದ ಕೂಡಲೇ ಪಾಸ್ ಬಿಡುವುದು. ಹಾಡು ಮುಗಿದು ಮಾತು ಶುರುವಾದರೆ ಮತ್ತೆ ಪಾಸ್. ಅರವತ್ತು ನಿಮಿಷದ ಕ್ಯಾಸೆಟ್, ಒಂದು ಮಗ್ಗುಲಿಗೆ ಅರ್ಧ ಗಂಟೆ. ದುಡ್ಡು ಕೊಟ್ಟು ತಂದದ್ದರಲ್ಲಿ ಮಾತು ತುಂಬಿಸುವುದು ದಂಡ ಅಂತ ನನ್ನ ಲೆಕ್ಕ. ಹಾಡಿನ ಮೇಲೆ ಅರ್ಧ ಮಾತು ಬಂದರೂ ಅಳಿಸಿ, ಅದೇ ಹಾಡು ಮತ್ತೆ ಬರಲಿ ಅಂತ ವಾರಗಟ್ಟಲೆ ಕಾಯುತ್ತಿದ್ದೆ. ಬೆರಳು ಹಾಗೆ ಪಳಗಿಹೋಗಿತ್ತು.

ಒಂದು ಏಪ್ರಿಲ್‌ನಲ್ಲಿ ಅಪ್ಪನಿಗೆ ಲೈನ್ ಸಿಕ್ಕಿತು. ಅಪ್ಪ ಮನೆಯಲ್ಲೇ ಕಡಿಮೆ ಮಾತಿನ ಮನುಷ್ಯ. ಆ ಕಡೆಯಿಂದ ಮೊದಲು ಹೇಳಿದ್ದು ಎಲ್ಲರಿಗೂ ಹೇಳುವುದನ್ನೇ: ನಿಮ್ಮ ರೇಡಿಯೋ ಸೌಂಡ್ ಕಡಿಮೆ ಮಾಡಿ. ಇಲ್ಲದಿದ್ದರೆ ಫೋನಿನಲ್ಲಿ ಕೂಗು ಬರುತ್ತದೆ. ನಾನು ಒಳಗೆ ಓಡಿ ವಾಲ್ಯೂಮ್ ಪೂರ್ತಿ ಇಳಿಸಿದೆ. ಆ ಸೆಟ್ಟಿನಲ್ಲಿ ವಾಲ್ಯೂಮ್ ಇಳಿಸಿದರೂ ರೆಕಾರ್ಡ್ ಸರಿಯಾಗಿಯೇ ಆಗುತ್ತಿತ್ತು, ಅದು ನನಗೆ ಗೊತ್ತಿತ್ತು. ಕ್ಯಾಸೆಟ್ ಒಳಗೇ ಇತ್ತು. ಪಾಸ್ ಬಿಟ್ಟಿದ್ದರೆ ಸಾಕಿತ್ತು. ಬಿಡಲಿಲ್ಲ. ಹಾಡಿಗೆ ಕಾಯುತ್ತಾ ನಿಂತೆ.

ತೋಟ ಹೇಗಿದೆ ಅಂತ ಕೇಳಿದರು. ಅಪ್ಪ ಯಾರಿಗೂ ಹೇಳದಷ್ಟು ಹೇಳಿದರು. ಹೂಮಳೆ ಸರಿಯಾಗಿ ಬಿತ್ತು, ಅರೇಬಿಕಾ ಕಾಫಿ ಬೆಳ್ಳಗೆ ಅರಳಿದೆ, ಮನೆ ಬಾಗಿಲವರೆಗೂ ಪರಿಮಳ, ಇನ್ನು ಹೂವಿನ ಬೆನ್ನಿಗೆ ಬರುವ ಬ್ಯಾಕಿಂಗ್ ಮಳೆ ಒಂದು ಬಂದರೆ ಕಾಯಿ ನಿಲ್ಲುತ್ತದೆ. ಬಿಳಿ ಕಾಂಡಕೊರಕ ಹುಳು ಹಿಡಿದ ಗಿಡಗಳನ್ನು ಕಿತ್ತು ಸುಟ್ಟೆವು, ಅಜ್ಜ ನೆಟ್ಟ ಗಿಡಗಳು, ಮನಸ್ಸಿಗೆ ಬೇಜಾರಾಯಿತು ಅಂದರು. ಕೊನೆಗೆ ಅಮ್ಮನ ಹೆಸರು ಹೇಳಿ ಹಾಡು ಕೇಳಿದರು. ಅಮ್ಮನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮೂರ್ನಾಲ್ಕು ನಿಮಿಷದ ಮಾತು. ಹಾಡು ಬಂತು, ಪಾಸ್ ಬಿಟ್ಟೆ.

ಹಾಡು ಪೂರ್ತಿ ಇದೆ. ಆ ಹಾಡು ಇವತ್ತು ಯಾವ ಫೋನಿನಲ್ಲಿ ಬೇಕಾದರೂ ಸಿಗುತ್ತದೆ. ಅಪ್ಪ ತೀರಿಕೊಂಡು ವರ್ಷಗಳಾದವು. ಫೋಟೋ ಬೇಕಾದಷ್ಟಿವೆ, ಧ್ವನಿ ಒಂದು ಚೂರೂ ಇಲ್ಲ.

ಆಮೇಲೆ ಕೆಲಸಕ್ಕೆ ಬೆಂಗಳೂರಿಗೆ ಬಂದೆ. ದೇಶದ ಮೊದಲ ಖಾಸಗಿ ಎಫ್‌ಎಂ, ರೇಡಿಯೋ ಸಿಟಿ 91.1, 2001ರ ಜುಲೈನಲ್ಲಿ ಶುರುವಾಗಿದ್ದು ಇದೇ ಊರಲ್ಲಿ. ರೇಡಿಯೋ ಮಿರ್ಚಿಯ 'ಸಖತ್ ಹಾಟ್ ಮಗಾ' ಬಿಎಂಟಿಸಿ ಬಸ್ಸಿನಲ್ಲಿ ಎಲ್ಲರ ಬಾಯಲ್ಲೂ ಇತ್ತು. ಇಯರ್‌ಫೋನ್ ವೈರೇ ಏರಿಯಲ್, ಅದನ್ನು ಚುಚ್ಚಿದರೇ ಫೋನಿನಲ್ಲಿ ಎಫ್‌ಎಂ. ನಾನು ಜಾಸ್ತಿ ಕೇಳಿದ್ದು ಆಕಾಶವಾಣಿಯವೇ ಆದ 101.3 ಕಾಮನಬಿಲ್ಲು ಮತ್ತು 102.9 ವಿವಿಧ ಭಾರತಿ. ಖಾಸಗಿಯವು ಖುಷಿ ಕೊಟ್ಟವು, ನಿಜ. ಆದರೆ ನನಗೆ ಲೋಕಲ್ ಸ್ಟೇಷನ್ ಅಂದರೆ ನಿಮ್ಮ ಕಡೆ ಮಳೆ ಹೇಗಿದೆ ಅಂತ ಕೇಳಿ, ಉತ್ತರಕ್ಕೆ ಕಾಯುವುದು. ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

ಹಾಗಾಗಿ ಹಳೇ ರೆಕಾರ್ಡಿಂಗ್ ಹುಡುಕಬೇಡಿ. ಸಿಕ್ಕರೂ ನಮ್ಮಂಥವರು ಹಿಡಿದಿಟ್ಟ ಬರೀ ಹಾಡುಗಳೇ ಸಿಗುತ್ತವೆ, ನಿಮಗೆ ಬೇಕಾಗಿರುವುದು ನಡುವಿನ ಮಾತು. ಕಾಲ ಮುಗಿಯಿತು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ನಿಮ್ಮ ಹಾಸನ ಕೇಂದ್ರ ಇವತ್ತೂ ಮಾತಾಡುತ್ತಿದೆ, ಕೇಳುವುದನ್ನು ಬಿಟ್ಟವರು ನಾವು. ದೂರದಲ್ಲಿದ್ದರೆ ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪ್ ಹಾಕಿಕೊಳ್ಳಿ. ಸ್ವಲ್ಪ ತಡವಾಗಿ ಬರುತ್ತದೆ, ಗಂಟೆಯ ಪೀಪ್ ಸದ್ದಿಗೆ ಗಡಿಯಾರ ಸರಿ ಮಾಡಿಕೊಳ್ಳಬೇಡಿ. ಊರಿನ ಮನೆಗೆ ಸೆಲ್ ಹಾಕುವ ಚಿಕ್ಕ ಸೆಟ್ಟನ್ನೇ ಕೊಡಿಸಿ, ಮಳೆಗಾಲದಲ್ಲಿ ಆ್ಯಪ್ ಅಲ್ಲಿ ನಡೆಯುವುದಿಲ್ಲ.

ಊರಲ್ಲಿ ಹಿರಿಯರು ಇದ್ದರೆ ಫೋನ್-ಇನ್‌ಗೆ ನೀವೇ ನಂಬರ್ ಒತ್ತಿ ಅವರ ಕೈಗೆ ಕೊಡಿ. ಎಂಗೇಜ್ ಬಂದರೆ ಮತ್ತೆ ಒತ್ತಿ. ಇನ್ನೊಂದು ಮೊಬೈಲಿನಲ್ಲಿ ರೆಕಾರ್ಡ್ ಮೊದಲೇ ಹಚ್ಚಿಟ್ಟು, ಅವರ ಪಕ್ಕದಲ್ಲೇ ಇಡಿ. ಹಾಡು ಶುರುವಾದ ಮೇಲೆ ಬೇಕಾದರೆ ನಿಲ್ಲಿಸಿ.