ಆಟೋಗ್ರಾಫ್ ಕೊಡದ ಬಿಲ್ ರಸೆಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಬಾಸ್ಕೆಟ್‌ಬಾಲ್ ಆಟಗಾರ ಬಿಲ್ ರಸೆಲ್ ಬಗ್ಗೆ ಒಂದು ಪುಟ್ಟ ಟಿಪ್ಪಣಿ ಹಾಕಿದ್ದೆವು. ಬಾಸ್ಟನ್ ಸೆಲ್ಟಿಕ್ಸ್ ಪರ 13 ಸೀಸನ್ ಆಡಿ 11 ಸಲ ಚಾಂಪಿಯನ್ ಆದವರು, 2022ರ ಜುಲೈ 31ರಂದು ತೀರಿಕೊಂಡರು, ಆಮೇಲೆ ಅವರ ಅಂಗಿಯ ಮೇಲಿನ 6ನೇ ನಂಬರನ್ನು ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಯಾವ ತಂಡದಲ್ಲೂ ಹೊಸದಾಗಿ ಯಾರಿಗೂ ಕೊಡುವುದಿಲ್ಲ ಎಂದು ತೀರ್ಮಾನವಾಯಿತು ಅಂತ ಬರೆದಿದ್ದೆವು, ಅಷ್ಟೇ. ಅದಕ್ಕೆ ಬಂದ ಪತ್ರಗಳಲ್ಲಿ ಜಾಸ್ತಿ ಜನ ಕೇಳಿದ್ದು ಟ್ರೋಫಿಗಳ ಲೆಕ್ಕವನ್ನಲ್ಲ, ಆ ಮನುಷ್ಯ ಎಂಥವರು ಅಂತ. ಒಬ್ಬರು ತಾವು ಕಣ್ಣಾರೆ ಕಂಡದ್ದನ್ನೂ ಬರೆದಿದ್ದಾರೆ. ಈ ಸಲದ ಪುಟ ಪೂರ್ತಿ ಅದಕ್ಕೇ.

ಪ್ರ: ಇಷ್ಟು ದೊಡ್ಡ ಆಟಗಾರ ಸ್ಕೂಲಿನಲ್ಲೇ ಸ್ಟಾರ್ ಆಗಿರಬೇಕು, ಅಲ್ವಾ?
*(ಪಿಯುಸಿ ವಿದ್ಯಾರ್ಥಿನಿ, ಮಂಡ್ಯ)*

ಉ: ಸ್ಟಾರ್ ಬಿಡಿ, ತಂಡದಲ್ಲಿ ಜಾಗ ಸಿಕ್ಕಿದ್ದೇ ಹೆಚ್ಚು. ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಮೆಕ್ಲಿಮಂಡ್ಸ್ ಅಂತ ಒಂದು ಹೈಸ್ಕೂಲು. ಅಲ್ಲಿನ ಜೂನಿಯರ್ ತಂಡದಲ್ಲಿ ಇದ್ದದ್ದು 15 ಜೊತೆ ಆಟದ ಬಟ್ಟೆ. ರಸೆಲ್ 16ನೆಯವರು. ಕೋಚ್ ಜಾರ್ಜ್ ಪೌಲ್ಸ್ ಈ ಹುಡುಗನನ್ನು ಸುಲಭವಾಗಿ ಮನೆಗೆ ಕಳಿಸಬಹುದಿತ್ತು. ಕಳಿಸಲಿಲ್ಲ. ಕೊನೆಯ ಒಂದು ಜೊತೆ ಬಟ್ಟೆಯನ್ನು ರಸೆಲ್‌ಗೂ ಇನ್ನೊಬ್ಬ ಹುಡುಗನಿಗೂ ಹಂಚಿದರು. ಒಂದು ಪಂದ್ಯಕ್ಕೆ ಇವರು ಹಾಕಿಕೊಂಡರೆ ಇನ್ನೊಂದಕ್ಕೆ ಅವನು. ಬಟ್ಟೆ ಸಿಗದ ದಿನ ನೋಡುವವರ ಸಾಲಿನಲ್ಲಿ ಕೂರಬೇಕು.

ಆ ವಯಸ್ಸಿನಲ್ಲಿ ಅದೆಂಥ ಮುಜುಗರ ಅನ್ನೋದು ಶಾಲಾ ತಂಡದಲ್ಲಿ ಆಡಿದ ಯಾರಿಗಾದರೂ ಗೊತ್ತು. ಬಡಕಲು ಮೈ, ಉದ್ದ ಕೈಕಾಲು, ಕೈಗೆ ಬಂದ ಚೆಂಡು ನಿಲ್ಲುತ್ತಿರಲಿಲ್ಲ. ಪೌಲ್ಸ್ ಬೈಯಲಿಲ್ಲ. ಅಭ್ಯಾಸ ಮಾಡಲು ಊರಿನ ಬಾಯ್ಸ್ ಕ್ಲಬ್ಬಿಗೆ ಸೇರಿಕೋ ಅಂತ ತಮ್ಮ ಜೇಬಿನಿಂದಲೇ ದುಡ್ಡು ಕೊಟ್ಟರು. ಪೌಲ್ಸ್ ಬಿಳಿಯರು, ಹುಡುಗ ಕಪ್ಪು ವರ್ಣದವನು, ಕಾಲ 1940ರ ದಶಕದ ಕೊನೆ. ಬಿಳಿಯರಿಂದ ಬರೀ ಕೆಟ್ಟದ್ದನ್ನೇ ಕಂಡಿದ್ದ ಹುಡುಗನಿಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ. ಆ ಉಪಕಾರವನ್ನು ರಸೆಲ್ ಮರೆಯಲೂ ಇಲ್ಲ.

ಹೈಸ್ಕೂಲು ಮುಗಿಯುವ ಹೊತ್ತಿಗೂ ಕಾಲೇಜುಗಳು ಬಾಗಿಲಲ್ಲಿ ಸಾಲುಗಟ್ಟಿ ನಿಂತಿರಲಿಲ್ಲ. ಯೂನಿವರ್ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೊಗೆ ಆಟಗಾರರನ್ನು ಹುಡುಕುತ್ತಿದ್ದ ಹಾಲ್ ಡಿಜೂಲಿಯೊ ಅನ್ನೋರು ಒಂದು ಪಂದ್ಯ ನೋಡಿ ಮೆಚ್ಚಿಕೊಂಡರು. ಸ್ಕಾಲರ್‌ಶಿಪ್ ಕೊಡಲು ಮುಂದೆ ಬಂದದ್ದು ಆ ಕಾಲೇಜು ಒಂದೇ, ಅದಕ್ಕೂ ಆಗ ಸ್ವಂತ ಬಾಸ್ಕೆಟ್‌ಬಾಲ್ ಅಂಕಣ ಇರಲಿಲ್ಲ. ಆ ಕಾಲೇಜು 1955 ಮತ್ತು 1956ರಲ್ಲಿ ಅಮೆರಿಕದ ಕಾಲೇಜು ಚಾಂಪಿಯನ್ ಆಯಿತು, ರಸೆಲ್ ಆಡುತ್ತಿದ್ದಾಗ ಸತತ 55 ಪಂದ್ಯ ಗೆದ್ದಿತು. 1956ರ ಕೊನೆಗೆ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಚಿನ್ನವೂ ಬಂತು.

ಪ್ರ: ನಾನು ಶಾಲೆಯಲ್ಲಿ ದೈಹಿಕ ಶಿಕ್ಷಕಿ. ಹಾಗಾದರೆ ಆಟ ಕಲಿತದ್ದು ಹೇಗೆ?
*(ಶಿಕ್ಷಕಿ, ಧಾರವಾಡ)*

ಉ: ಮೇಡಂ, ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಚಿಕ್ಕವರಿದ್ದಾಗ ರಸೆಲ್ ಓಕ್ಲೆಂಡ್ ಲೈಬ್ರರಿಯಲ್ಲಿ ಗಂಟೆಗಟ್ಟಲೆ ಕೂರುತ್ತಿದ್ದರು. ಡಾವಿಂಚಿ, ಮೈಕೆಲೇಂಜೆಲೊ ಚಿತ್ರಗಳ ಪ್ರತಿಗಳನ್ನು ಮನೆಗೆ ತರುತ್ತಿದ್ದರು. ಚಿತ್ರವನ್ನು ಮೂಲೆಮೂಲೆ ಬಿಡದೆ ನೋಡಿ, ಆಮೇಲೆ ಅದನ್ನು ಮುಚ್ಚಿಟ್ಟು ನೆನಪಿನಿಂದಲೇ ಬರೆಯಲು ಕೂರುವುದು. ಸರಿಯಾಗಿ ಬರುತ್ತಿರಲಿಲ್ಲ. ಕೈ ಅಷ್ಟು ಪಳಗಿರಲಿಲ್ಲ. ಆದರೆ ಕಣ್ಣು ಪಳಗಿತು.

1952ರಲ್ಲಿ ಹೈಸ್ಕೂಲು ಮುಗಿಸಿದವರೇ ಕ್ಯಾಲಿಫೋರ್ನಿಯಾದ ಹೈಸ್ಕೂಲು ಆಟಗಾರರ ತಂಡದ ಜೊತೆ ಬಸ್ಸಿನಲ್ಲಿ ಊರೂರು ಸುತ್ತಿ ಆಡಿದರು. ಬೆಂಚಿನಲ್ಲಿ ಕೂತಾಗ ತಮಗಿಂತ ಚೆನ್ನಾಗಿ ಆಡುವ ಹುಡುಗರ ಒಂದೊಂದು ಹೆಜ್ಜೆಯನ್ನೂ ಗಮನಿಸುವುದು, ಬಸ್ಸಿನಲ್ಲಿ ಕಣ್ಣು ಮುಚ್ಚಿ ಅದೇ ಚಲನೆಯನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಓಡಿಸುವುದು, ಆಮೇಲೆ ಆ ಹುಡುಗನ ಜಾಗದಲ್ಲಿ ತಮ್ಮನ್ನು ನಿಲ್ಲಿಸಿಕೊಂಡು ನೋಡುವುದು. ಮರುದಿನ ಅಂಕಣಕ್ಕೆ ಇಳಿದರೆ ಮೈ ತಾನಾಗಿಯೇ ಆ ಕಡೆ ತಿರುಗುತ್ತಿತ್ತು. ಅವರು ಎಡಗೈಯವರಾದ್ದರಿಂದ ಬಲಗೈಯವರ ಆಟವನ್ನು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿಕೊಳ್ಳಬೇಕಿತ್ತು. ಹಾಗೆ ತಿರುಗಿಸುತ್ತಾ ಇನ್ನೊಂದು ದಾರಿ ಹೊಳೆಯಿತು: ಅವನು ಹಾಗೆ ನುಗ್ಗಿ ಬಂದರೆ ಎದುರಿಗೆ ನಿಂತ ನಾನು ಅವನನ್ನು ಹೇಗೆ ತಡೆಯಬೇಕು?

ಆ ಕಾಲದ ಕೋಚ್‌ಗಳು ರಕ್ಷಣೆ ಮಾಡುವವನ ಕಾಲು ನೆಲ ಬಿಡಬಾರದು ಅನ್ನುತ್ತಿದ್ದರು. ರಸೆಲ್ ಜಿಗಿದರು. ಸುಮ್ನೆ ಜಿಗಿದದ್ದಲ್ಲ, ಚೆಂಡು ಕೈಬಿಡುವ ಗಳಿಗೆ ನೋಡಿ ಜಿಗಿದರು. ಇನ್ನೂ ಒಂದು ವಿಷಯ ನಿಮ್ಮ ಮಕ್ಕಳಿಗೆ ತೋರಿಸಿ. ತುಂಬಾ ಜನ ಬ್ಲಾಕ್ ಮಾಡುವಾಗ, ಅಂದರೆ ಎದುರಾಳಿ ಬುಟ್ಟಿಗೆ ಎಸೆದ ಚೆಂಡನ್ನು ಗಾಳಿಯಲ್ಲೇ ತಡೆಯುವಾಗ, ಚೆಂಡನ್ನು ಪ್ರೇಕ್ಷಕರ ನಡುವೆ ಬೀಳುವ ಹಾಗೆ ಬಾರಿಸುತ್ತಾರೆ, ಚಪ್ಪಾಳೆ ಬೀಳುತ್ತದೆ, ಚೆಂಡು ಮತ್ತೆ ಎದುರಾಳಿಗೇ ಸಿಗುತ್ತದೆ. ರಸೆಲ್ ಅದನ್ನು ಬೆರಳ ತುದಿಯಿಂದ ಮೆತ್ತಗೆ ತಟ್ಟಿ ತಮ್ಮ ತಂಡದವರ ಕೈಗೇ ಬೀಳಿಸುತ್ತಿದ್ದರು. ಅಲ್ಲಿಂದಲೇ ಸೆಲ್ಟಿಕ್ಸ್ ಓಟ ಶುರು. ಅವರು ಎಷ್ಟು ಬ್ಲಾಕ್ ಮಾಡಿದರು ಅನ್ನೋ ಲೆಕ್ಕವೇ ಇಲ್ಲ, ಎನ್‌ಬಿಎ ಅದನ್ನು ಎಣಿಸಲು ಶುರು ಮಾಡಿದ್ದು 1973ರಲ್ಲಿ, ಅವರು ಆಟ ಬಿಟ್ಟು ನಾಲ್ಕು ವರ್ಷವಾದ ಮೇಲೆ.

ಪ್ರ: ಅಭಿಮಾನಿಗಳಿಗೆ ಆಟೋಗ್ರಾಫ್ ಕೊಡುತ್ತಿರಲಿಲ್ಲವಂತೆ. ಇದು ದುರಹಂಕಾರ ಅಲ್ಲದೆ ಮತ್ತೇನು? ಅಭಿಮಾನಿಗಳಿಂದಲೇ ಅಲ್ವಾ ಇವರೆಲ್ಲ ಬದುಕೋದು?
*(ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ)*

ಉ: ಕೊಡುತ್ತಿರಲಿಲ್ಲ, ನಿಜ. ಸಹಿ ಕೇಳಿದರೆ ಇಲ್ಲ ಅನ್ನುತ್ತಿದ್ದರು. ಆದರೆ ಅದರ ಜೊತೆಗೇ, ಬೇಕಾದರೆ ಕೈ ಕುಲುಕೋಣ, ಕೂತು ಮಾತಾಡೋಣ ಅಂತಲೂ ಅನ್ನುತ್ತಿದ್ದರು. ಎಷ್ಟೋ ಜನ ಮುಖ ಸಣ್ಣದು ಮಾಡಿಕೊಂಡು ಹೋದರು. ಸಹಿ ಕೇಳಿ ಸಿಗದ ಹುಡುಗನಿಗೆ ಬೇಜಾರಾಗುವುದು ನ್ಯಾಯವೇ, ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ದುರಹಂಕಾರ ಅನ್ನೋ ಮಾತನ್ನು ಒಪ್ಪಲಾರೆ. ಯಾಕೆ ಅಂತ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅವರು ಹುಟ್ಟಿದ್ದು 1934ರಲ್ಲಿ, ಲೂಸಿಯಾನಾದ ಮನ್ರೋ ಊರಿನಲ್ಲಿ. ಒಂದು ಸಲ ಅಪ್ಪ ಚಾರ್ಲ್ಸ್ ಪೆಟ್ರೋಲ್ ಹಾಕಿಸಲು ಹೋದರೆ ಬಿಳಿಯರೆಲ್ಲ ಮುಗಿಯುವ ತನಕ ಕಾಯಿಸಿದರು. ಬೇರೆ ಕಡೆ ಹೋಗುತ್ತೇನೆ ಅಂತ ಗಾಡಿ ತಿರುಗಿಸಿದರೆ ಬಂಕಿನವನು ಬಂದೂಕು ಹಿಡಿದ. ಇನ್ನೊಂದು ದಿನ ಅಮ್ಮ ಕೇಟಿ ಒಳ್ಳೆ ಬಟ್ಟೆ ತೊಟ್ಟು ಬೀದಿಗೆ ಬಂದರೆ ಪೊಲೀಸಿನವನು ತಡೆದ. ಬಿಳಿ ಹೆಂಗಸರ ಬಟ್ಟೆ ನಿನಗ್ಯಾಕೆ, ಮನೆಗೆ ಹೋಗಿ ಬಿಚ್ಚು ಅಂದ. ಅಮ್ಮ ಮನೆಗೆ ಬಂದು ಅತ್ತದ್ದು ಮಗನಿಗೆ ಕೊನೆಯವರೆಗೂ ನೆನಪಿತ್ತು.

ಮಹಾಯುದ್ಧದ ಹೊತ್ತಿಗೆ ಸಂಸಾರ ಓಕ್ಲೆಂಡಿಗೆ ಬಂತು. ಅಲ್ಲಿಗೆ ಬಂದ ಹೊಸದರಲ್ಲಿ ಓಡಿ ಹೋಗುತ್ತಿದ್ದ ಹುಡುಗರ ಗುಂಪಿನಲ್ಲಿ ಒಬ್ಬ ಬಿಲ್‌ಗೆ ಕಪಾಳಕ್ಕೆ ಹೊಡೆದ. ಕೇಟಿ ಮಗನ ಕೈ ಹಿಡಿದುಕೊಂಡು ಆ ಹುಡುಗರನ್ನು ಹುಡುಕಿಕೊಂಡು ಹೋದರು. ಐದು ಜನ. ಒಬ್ಬೊಬ್ಬರ ಜೊತೆಗೂ ಹೊಡೆದಾಡು ಅಂದರು, ಪಕ್ಕದಲ್ಲೇ ನಿಂತರು. ಬಿಲ್ ಇಬ್ಬರನ್ನು ಸೋಲಿಸಿದ, ಮೂವರ ಕೈಲಿ ಏಟು ತಿಂದ. ಸೋತದ್ದಕ್ಕೆ ಅಮ್ಮ ಬೇಜಾರಾಗಲಿಲ್ಲ, ನೀನು ನಿನ್ನ ಪರವಾಗಿ ನಿಂತೆಯಲ್ಲ ಅಷ್ಟು ಸಾಕು ಅಂದರು. ಆ ಅಮ್ಮ ಬಿಲ್‌ಗೆ 12 ವರ್ಷವಿದ್ದಾಗ ಹೋಗಿಬಿಟ್ಟರು.

ಈ ಹುಡುಗ ಬೆಳೆದು ಬಾಸ್ಟನ್‌ಗೆ ಬಂದಾಗ ಆದದ್ದು ಏನು? ಅಂಕಣದಲ್ಲಿ ಚಪ್ಪಾಳೆ, ಹೊರಗೆ ಬೇರೆಯೇ ಮುಖ. 1961ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಪ್ರದರ್ಶನ ಪಂದ್ಯವಿತ್ತು. ಇಳಿದುಕೊಂಡಿದ್ದ ಹೋಟೆಲಿನಲ್ಲೇ ರಸೆಲ್ ತಂಡದ ಕಪ್ಪು ಆಟಗಾರರಾದ ಸ್ಯಾಮ್ ಜೋನ್ಸ್, ಸ್ಯಾಚ್ ಸ್ಯಾಂಡರ್ಸ್ ಇಬ್ಬರಿಗೂ ತಿಂಡಿ ಕೊಡಲಿಲ್ಲ. ರಸೆಲ್ ಮತ್ತು ಉಳಿದ ಕಪ್ಪು ಆಟಗಾರರು ಪಂದ್ಯ ಬಿಟ್ಟು ಊರಿಗೆ ಹೊರಟರು. ಬಾಸ್ಟನ್ ಹತ್ತಿರದ ರೆಡಿಂಗ್‌ನಲ್ಲಿ ಅವರ ಮನೆಗೇ ಜನ ನುಗ್ಗಿ ಟ್ರೋಫಿಗಳನ್ನು ಪುಡಿ ಮಾಡಿದರು, ಗೋಡೆ ಮೇಲೆ ಹೊಲಸು ಬೈಗುಳ ಬರೆದರು, ಹಾಸಿಗೆಯಲ್ಲಿ ಹೇಸಿಗೆ ಮಾಡಿ ಹೋದರು. ನಿಮಗೇ ಹೀಗಾದರೆ ಮರುದಿನ ಕ್ರೀಡಾಂಗಣದ ಬಾಗಿಲಲ್ಲಿ ನಗುತ್ತಾ ಸಹಿ ಹಾಕುತ್ತಾ ನಿಲ್ಲಬಲ್ಲಿರಾ? ನಾನಂತೂ ನಿಲ್ಲಲಾರೆ. ನನ್ನನ್ನು ಮನುಷ್ಯ ಅಂತ ನೋಡಿ, ಕಾಗದದ ಮೇಲಿನ ಗೀಟು ಅಂತ ಅಲ್ಲ ಅನ್ನೋದು ಅವರ ಹಟ. ಆಟವನ್ನು ಸೆಲ್ಟಿಕ್ಸ್‌ಗಾಗಿ ಆಡುತ್ತೇನೆ, ಬಾಸ್ಟನ್ ಊರಿಗಾಗಿ ಅಲ್ಲ ಅಂತ ಬಾಯಿಬಿಟ್ಟೇ ಹೇಳುತ್ತಿದ್ದರು. 1972ರಲ್ಲಿ ಸೆಲ್ಟಿಕ್ಸ್ ತಂಡ ಗೌರವಕ್ಕಾಗಿ ಅವರ 6ನೇ ನಂಬರನ್ನು ತನ್ನ ಕ್ರೀಡಾಂಗಣ ಬಾಸ್ಟನ್ ಗಾರ್ಡನ್‌ನ ಚಾವಣಿಗೆ ಏರಿಸಿದ್ದೂ ಪ್ರೇಕ್ಷಕರನ್ನು ಒಳಗೆ ಬಿಡುವ ಮುಂಚೆ, ಹಳೆಯ ಜೊತೆಗಾರರ ಎದುರಿಗೆ ಮಾತ್ರ.

ವಯಸ್ಸಾದ ಮೇಲೆ ಹಟ ಸಡಿಲವಾಯಿತು. ಸಹಿಗಳನ್ನೂ ಹಾಕಿದರು. 1999ರಲ್ಲಿ ತುಂಬಿದ ಜನರ ಎದುರಿಗೆ ಅದೇ ಸಮಾರಂಭ ಮತ್ತೆ ನಡೆದಾಗ ಊರಿಗೆ ಊರೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು, ರಸೆಲ್ ಕಣ್ಣಲ್ಲಿ ನೀರು.

ಪ್ರ: ಪ್ರಶ್ನೆ ಅಲ್ಲ, ಒಂದು ನೆನಪು. 1968ರಲ್ಲಿ ಓದಲು ಬಾಸ್ಟನ್‌ಗೆ ಹೋಗಿದ್ದೆ. ಗಾರ್ಡನ್‌ನಲ್ಲಿ ಅವರ ಆಟ ನೋಡಿದೆ. ಅಷ್ಟು ಗೆದ್ದ ತಂಡ, ಆದರೂ ಎಷ್ಟೋ ಸೀಟು ಖಾಲಿ! ಆಟ ಮುಗಿದ ಮೇಲೆ ಯಾರೋ ಏನೋ ಅಂದದ್ದಕ್ಕೆ ಅವರು ನಕ್ಕರು ನೋಡಿ, ಆ ನಗು ಮೇಲಿನ ಸಾಲಿನಲ್ಲಿದ್ದ ನಮಗೂ ಕೇಳಿಸಿತು.
*(ನಿವೃತ್ತ ಎಂಜಿನಿಯರ್, ಬೆಂಗಳೂರು)*

ಉ: ಸರ್, ನೀವು ಪುಣ್ಯವಂತರು. ಅದು ಅವರ ಕೊನೆಯ ಸೀಸನ್. ಆಗ ಅವರೇ ಆಟಗಾರ, ಅವರೇ ಕೋಚ್. 1966ರಲ್ಲಿ ಆ ಕೆಲಸ ವಹಿಸಿಕೊಂಡಾಗ ಎನ್‌ಬಿಎಯ ಮೊದಲ ಕಪ್ಪು ವರ್ಣದ ಮುಖ್ಯ ಕೋಚ್ ಆಗಿದ್ದರು. ಖಾಲಿ ಸೀಟಿನ ಮಾತೂ ನಿಜ. ಅದೇ ಗಾರ್ಡನ್‌ನಲ್ಲಿ ಐಸ್ ಹಾಕಿ ಪಂದ್ಯಕ್ಕೆ ಟಿಕೆಟ್ ಸಿಗುತ್ತಿರಲಿಲ್ಲ.

ಆ ನಗು ಹೆಸರಾದದ್ದು, ಗಂಟಲು ಬಿಚ್ಚಿ ಕೇಕೆ ಹಾಕಿದ ಹಾಗೆ. ಹೀಗೆ ನಗುವ ಮನುಷ್ಯ ದೊಡ್ಡ ಪಂದ್ಯದ ಮುಂಚೆ ಆತಂಕದಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದರು. ಡ್ರೆಸ್ಸಿಂಗ್ ರೂಮಿನಲ್ಲಿ ಆ ಸದ್ದು ಕೇಳಿದರೆ ಜೊತೆಗಾರರಿಗೆ ಸಮಾಧಾನ, ಇವತ್ತು ಗೆಲುವು ನಮ್ಮದೇ ಅಂತ!

ಪ್ರ: ವಿಲ್ಟ್ ಚೇಂಬರ್ಲೇನ್ ಮತ್ತು ಇವರು ಶತ್ರುಗಳೇ?
*(ಓದುಗರು, ಶಿವಮೊಗ್ಗ)*

ಉ: ಅಂಕಣದಲ್ಲಿ ಮಾತ್ರ. ವಿಲ್ಟ್ ಅಂದರೆ ಎದುರಾಳಿ ತಂಡಗಳ ದೊಡ್ಡ ಆಟಗಾರ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ರಸೆಲ್ ಫಿಲಡೆಲ್ಫಿಯಾದಲ್ಲಿ ವಿಲ್ಟ್ ಮನೆಗೆ ಊಟಕ್ಕೆ ಹೋಗಿ, ವಿಲ್ಟ್ ಹಾಸಿಗೆಯಲ್ಲೇ ಒಂದು ನಿದ್ದೆ ತೆಗೆದು, ರಾತ್ರಿ ಅವರ ಎದುರೇ ಆಡುತ್ತಿದ್ದರು. ಕೆಟ್ಟದ್ದು 1969ರ ಫೈನಲ್ ನಂತರ. ಮಂಡಿ ಪೆಟ್ಟಾಯಿತು ಅಂತ ವಿಲ್ಟ್ ಕೊನೆಯ ನಿಮಿಷಗಳಲ್ಲಿ ಹೊರಗೆ ಹೋದದ್ದನ್ನು ರಸೆಲ್ ಟೀಕಿಸಿದರು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಮಾತು ಬಿಟ್ಟಿತು. ಕೊನೆಗೆ ರಸೆಲ್ಲೇ ಕ್ಷಮೆ ಕೇಳಿದರು. ಮೇಲೆ ಹೇಳಿದ 1999ರ ಸಮಾರಂಭಕ್ಕೆ ವಿಲ್ಟ್ ಬಂದಿದ್ದರು, ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡರು.

ಪ್ರ: ನಾನು ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವನು. ರಸೆಲ್ ತಂದೆಯೂ ಫೌಂಡ್ರಿ ಕಾರ್ಮಿಕ ಅಂತ ಕೇಳಿದೆ. ಮಗ ಶ್ರೀಮಂತನಾದ ಮೇಲೆ ಏನು ಮಾಡಿದರು?
*(ನಿವೃತ್ತ ಕಾರ್ಮಿಕ, ಭದ್ರಾವತಿ)*

ಉ: ಹೌದು ಸರ್. ಮೊದಲು ಅವರಿಗೆ ಲಾರಿಯ ಕೆಲಸವಿತ್ತು. ಹೆಂಡತಿ ತೀರಿಕೊಂಡ ಮೇಲೆ ಇಬ್ಬರು ಗಂಡು ಮಕ್ಕಳನ್ನು ಬಿಟ್ಟು ದಿನಗಟ್ಟಲೆ ಊರೂರು ತಿರುಗುವುದು ಬೇಡ ಅಂತ ಅದನ್ನು ಬಿಟ್ಟು ಫೌಂಡ್ರಿಗೆ ಸೇರಿದರು. ಮಕ್ಕಳು ಕಾಲೇಜು ಓದಬೇಕು ಅನ್ನೋದು ಕೇಟಿಯ ಕೊನೆಯ ಆಸೆ. ಅದನ್ನು ನಡೆಸಿಕೊಟ್ಟರು. ಮುಂದೆ ಬಿಲ್ ಕೈಯಲ್ಲಿ ದುಡ್ಡು ಓಡಾಡಲು ಶುರುವಾದಾಗ, ಅಪ್ಪಾ ಇನ್ನು ಸಾಕು, ಕೆಲಸ ಬಿಡು ಅಂದರಂತೆ. ಅಪ್ಪ ಒಪ್ಪಲಿಲ್ಲ. ನನ್ನ ಒಳ್ಳೆಯ ವರ್ಷಗಳನ್ನೆಲ್ಲ ಈ ಕಂಪನಿಗೆ ಕೊಟ್ಟಿದ್ದೇನೆ, ಈಗ ಒಂದಷ್ಟು ಕೆಟ್ಟ ವರ್ಷಗಳನ್ನೂ ಕೊಡುತ್ತೇನೆ ಅಂದುಬಿಟ್ಟರು.