ಸಂಶೋಧನೆಗೆ ಮಗಳ ರಕ್ತ ಕೊಡಬಹುದಾ?

ಯಾದಗಿರಿಯ ಹಾಸ್ಟೆಲ್‌ನಲ್ಲಿರುವ 11 ವರ್ಷದ ಮಗಳ ರಕ್ತವನ್ನು ರಕ್ತಹೀನತೆಯ ಸಂಶೋಧನೆಗೆ ಕೇಳುತ್ತಿದ್ದಾರೆ, ಉಳಿದದ್ದನ್ನು ಮುಂದಕ್ಕೂ ಇಟ್ಟುಕೊಳ್ಳುತ್ತಾರಂತೆ, ಸಹಿ ಮಾಡಲಾ ಅಂತ ಕೇಳಿದ್ದೀರಿ. ನಾನು ಕಲಬುರಗಿಯಲ್ಲಿ ಶಿಕ್ಷಕಿ. ಇಲ್ಲಿನ ಒಂದು ಮೆಡಿಕಲ್ ಕಾಲೇಜಿನ ಎಥಿಕ್ಸ್ ಕಮಿಟಿಯಲ್ಲಿ, ಅಂದರೆ ಸಂಶೋಧನೆ ನ್ಯಾಯವಾಗಿ ನಡೆಯುತ್ತದಾ ಅಂತ ನೋಡುವ ಸಮಿತಿಯಲ್ಲಿ, ಜನಸಾಮಾನ್ಯರ ಪರವಾಗಿ ಕೂರುತ್ತೇನೆ.

ಇಂಥ ಸಂಶೋಧನೆ ಬೇಕು. ಗಂಡಸರಿಗೆ 100 ಮಿ.ಲೀ. ರಕ್ತದಲ್ಲಿ ಹಿಮೋಗ್ಲೋಬಿನ್ ಕನಿಷ್ಠ 13 ಗ್ರಾಂ ಇರಬೇಕು, ನಿಮ್ಮ ಮಗಳ ವಯಸ್ಸಿಗೆ 11.5. ದೊಡ್ಡವರ ರಕ್ತ ನೋಡಿ ಮಕ್ಕಳದ್ದು ಹೇಳಲಾಗುವುದಿಲ್ಲ.

ಆದರೆ ಸಹಿಗೆ ಮೊದಲು ಮಗಳನ್ನು ಕೇಳಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ 7 ದಾಟಿದ ಮಗುವಿನ ಬಾಯಿಮಾತಿನ ಒಪ್ಪಿಗೆ ಬೇಕು, 12 ದಾಟಿದರೆ ಬರಹದಲ್ಲಿ. ಮಗು ಬೇಡ ಅಂದರೆ ಅದಕ್ಕೆ ಬೆಲೆ ಕೊಡಬೇಕು. ಕಷ್ಟ ಇರುವುದು ಇಲ್ಲೇ. ನಮ್ಮ ಮಕ್ಕಳು "ಸರ್ ಹೇಳ್ಯಾರಂದ್ರ ಹೂಂ ಅನ್ಬೇಕು" ಅಂತ ಬೆಳೆದವರು. ವಾರ್ಡನ್, ಡಾಕ್ಟರ್ ಇಬ್ಬರೂ ಎದುರಿಗೆ ನಿಂತಿದ್ದರೆ ಯಾವ ಹುಡುಗಿ ಬೇಡ ಅನ್ನುತ್ತಾಳೆ? ನೀವೇ ಹೋಗಿ, ಪಕ್ಕಕ್ಕೆ ಕರೆದು ಕೇಳಿ.

ವಾರ್ಡನ್ ಸಹಿ ಸಾಕು ಅಂದರೆ ಒಪ್ಪಬೇಡಿ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆದಾಗ ಎಷ್ಟೋ ಒಪ್ಪಿಗೆ ಪತ್ರಗಳಿಗೆ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು. 2010ರಲ್ಲಿ ಅದನ್ನು ನಿಲ್ಲಿಸಿದರು, 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಟೀಕಿಸಿತು. ಲಸಿಕೆ ಒಳ್ಳೆಯದೇ, ನಮ್ಮ ಶಾಲೆಯ ಹುಡುಗಿಯರಿಗೂ ಹಾಕಿಸಿ ಅಂತ ಹೇಳುತ್ತೇನೆ. ಆದರೂ ತಂದೆತಾಯಿಯನ್ನು ಕೇಳದೆ ಮಾಡಿದ್ದು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ. ನಮ್ಮ ಕಡೆ ಈ ಭಯ ಇನ್ನೂ ಜಾಸ್ತಿ. ತಂದೆತಾಯಿ ಬೆಂಗಳೂರು, ಪುಣೆ ಕಡೆ ಗುಳೆ ಹೋಗಿರುತ್ತಾರೆ, ಮಕ್ಕಳು ಹಾಸ್ಟೆಲ್‌ನಲ್ಲಿ. ಅವರು ಬರುವ ತನಕ ಕಾಯಬೇಕು ಅಂತ ನಾನು ಕಮಿಟಿಯಲ್ಲಿ ಹಟ ಹಿಡಿಯುತ್ತೇನೆ. ಓದು ಬಾರದವರ ಹೆಬ್ಬೆಟ್ಟು ಒತ್ತಿಸುವುದಾದರೆ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಲೇಬೇಕು.

ಉಳಿದ ರಕ್ತ ಇಟ್ಟುಕೊಳ್ಳುವುದು ಬೇರೆಯೇ ವಿಷಯ. ಪರೀಕ್ಷೆಗೆ ಹೂಂ ಅಂದು ಇದಕ್ಕೆ ಬೇಡ ಅನ್ನಬಹುದು. ನನ್ನ ಮಗಳಾಗಿದ್ದರೆ, ಯಾವ ಸಂಶೋಧನೆಗೆ ಅಂತ ಸ್ಪಷ್ಟವಾಗಿ ಬರೆದುಕೊಡದಿದ್ದರೆ ನಾನು ಬೇಡ ಅನ್ನುತ್ತಿದ್ದೆ. ಇಟ್ಟುಕೊಂಡರೂ ಅವಳಿಗೆ 18 ತುಂಬಿದಾಗ ಮತ್ತೆ ಅವಳನ್ನೇ ಕೇಳಬೇಕು.

ರಿಪೋರ್ಟ್ ನಿಮಗೆ ಕೊಡುತ್ತಾರಾ, ರಕ್ತ ಕಡಿಮೆ ಇದ್ದರೆ ಚಿಕಿತ್ಸೆ ಯಾರು ಕೊಡಿಸುತ್ತಾರೆ ಅಂತಲೂ ಕೇಳಿ. ಒಪ್ಪಿಗೆ ಪತ್ರದ ಒಂದು ಪ್ರತಿ ಇಸಿದುಕೊಳ್ಳಿ. ಅದರಲ್ಲಿ ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಇರಬೇಕು. ಉತ್ತರ ಸಮಾಧಾನ ಕೊಡದಿದ್ದರೆ ಆ ನಂಬರಿಗೆ ಫೋನ್ ಮಾಡಿ.