ಬೀಡಿ ಕಟ್ಟುವ ಅಮ್ಮ ಸಿಗರೇಟ್ ಬೇಡ ಅನ್ನಬಹುದಾ?

ಪ್ರಶ್ನೆ: ಮಗ ಫಸ್ಟ್ ಪಿಯುಸಿ. ಮೊನ್ನೆ ಬಟ್ಟೆ ಒಗೆಯುವಾಗ ಅವನ ಪ್ಯಾಂಟಿನ ಜೇಬಲ್ಲಿ ಲೈಟರ್ ಸಿಕ್ಕಿತು, ಜೊತೆಗೆ ಪೆಪ್ಪರ್‌ಮಿಂಟ್. ಕೇಳಿದರೆ ಫ್ರೆಂಡ್‌ದು ಅಂತಾನೆ. ಇವರು ಬೆಲ್ಟ್ ತೆಗೆದರು, ಆದರೆ ಇವರೇ ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಾರೆ. ನಾನು ಬೀಡಿ ಕಟ್ಟಿಯೇ ಅವನ ಫೀಸು ಕಟ್ಟಿದ್ದು. ಯಾವ ಬಾಯಲ್ಲಿ ಬುದ್ಧಿ ಹೇಳಲಿ? ಆ ಸಹವಾಸ ಬಿಡಿಸಿದರೆ ಸರಿಹೋಗುತ್ತಾನಾ?
– ಹೆಸರು ಬೇಡ, ಸುರತ್ಕಲ್

ಉತ್ತರ: ಇದೇ ಬಾಯಲ್ಲಿ ಹೇಳಿ ಅಕ್ಕಾ. ಮೊರ ಮುಂದಿಟ್ಟುಕೊಂಡು ಗಂಟೆಗಟ್ಟಲೆ ಬಗ್ಗಿ ಕೂತವರಿಗೆ ಕುತ್ತಿಗೆ ನೋವು, ಹೊಗೆಸೊಪ್ಪಿನ ಧೂಳಿಗೆ ಬರುವ ಕೆಮ್ಮು ಏನು ಅಂತ ಗೊತ್ತಲ್ವಾ? ಬೀಡಿ ಕಟ್ಟುವುದು ನಿಮ್ಮ ದುಡಿಮೆ, ಅದಕ್ಕೆ ನಾಚಿಕೆ ಯಾಕೆ.

ಫ್ರೆಂಡ್ಸ್ ವಿಷಯ. ಮೊದಲ ಸಿಗರೇಟ್ ಹೆಚ್ಚಾಗಿ ಫ್ರೆಂಡ್ ಕೈಯಿಂದಲೇ ಬರುತ್ತದೆ, ನಿಜ. ಆದರೆ ಸೇದುವ ಆಸೆ ಇರುವ ಹುಡುಗ ಸೇದುವವರನ್ನೇ ಹುಡುಕಿಕೊಂಡೂ ಹೋಗುತ್ತಾನೆ. ಈ ವಯಸ್ಸಲ್ಲಿ ಅವರ ಜೊತೆ ಸೇರಬೇಡ ಅಂದರೆ ಕದ್ದು ಸೇರುತ್ತಾನೆ, ಅಷ್ಟೇ. ಅದರ ಬದಲು ಆ ಹುಡುಗರನ್ನು ಒಂದು ಭಾನುವಾರ ಮನೆಗೆ ಕರೆಯಿರಿ, ಗೋಳಿಬಜೆ ಮಾಡಿ ಕೊಡಿ, ಯಾರ ಮನೆ ಎಲ್ಲಿ ಅಂತ ಮಾತಾಡಿಸಿ. ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತಾಡುವ ಲ್ಯಾಟಿನ್ ಅಮೆರಿಕ ಮೂಲದ ಕುಟುಂಬಗಳ ಮಕ್ಕಳ ಮೇಲೆ ಬೇಕಾದಷ್ಟು ಅಧ್ಯಯನ ನಡೆದಿದೆ. ಅಲ್ಲೂ ಕಂಡದ್ದು ಇದೇ: ಮಗ ಎಲ್ಲಿದ್ದಾನೆ, ಯಾರ ಜೊತೆ ಇದ್ದಾನೆ ಅಂತ ಗೊತ್ತಿರುವ, ಮಾತುಕತೆ ಇರುವ ಮನೆಯ ಮಕ್ಕಳು ಸೇದುವುದು ಕಡಿಮೆ.

ಈಗ ನಿಮ್ಮ ಯಜಮಾನರು. ಬೆಲ್ಟ್‌ನಿಂದ ಏನೂ ಆಗುವುದಿಲ್ಲ. ಸುಮ್ನೆ ಕೇಳುತ್ತೇನೆ, ಗೂಡಂಗಡಿಯಿಂದ ಬೀಡಿ ತರಲು ಇಷ್ಟು ವರ್ಷ ಮಗನನ್ನೇ ಕಳಿಸುತ್ತಿದ್ದರಾ? ತುಂಬಾ ಮನೆಗಳಲ್ಲಿ ಪಾಠ ಶುರುವಾಗುವುದೇ ಅಲ್ಲಿ. ಅದು ಇವತ್ತೇ ನಿಲ್ಲಬೇಕು, ಮನೆಯೊಳಗೆ ಸೇದುವುದೂ. ಅಂದ ಹಾಗೆ ಕರ್ನಾಟಕದಲ್ಲಿ ಈಗ 21 ವರ್ಷ ತುಂಬದವರಿಗೆ ಬೀಡಿ, ಸಿಗರೇಟ್ ಮಾರುವಂತೆಯೇ ಇಲ್ಲ. ಅಂಗಡಿಯವರಿಗೂ ಒಂದು ಮಾತು ಹೇಳಿ.

ಕಾಲೇಜಿಗೆ ಹೋಗಿ ರಂಪ ಮಾಡಬೇಡಿ. ಸಸ್ಪೆಂಡ್ ಆದರೆ ಇಡೀ ದಿನ ಅದೇ ಗ್ಯಾಂಗ್ ಜೊತೆ ಇರುತ್ತಾನೆ. ಅವನಿಗೆ ಇಷ್ಟದ ಲೆಕ್ಚರರ್ ಯಾರಾದರೂ ಇದ್ದರೆ ಅವರ ಹತ್ತಿರ ಮಾತ್ರ ಮೆಲ್ಲ ಹೇಳಿ. ಮೊದಲು ವಾಲಿಬಾಲ್ ಆಡುತ್ತಿದ್ದು ಈಗ ಬಿಟ್ಟಿದ್ದರೆ, ಯಾಕೆ ಬಿಟ್ಟ ಅಂತ ಕೇಳಿ. ಲೈಟರ್ ಬಗ್ಗೆ ಕೇಳುವುದಕ್ಕಿಂತ ಅದರಿಂದ ಜಾಸ್ತಿ ವಿಷಯ ಗೊತ್ತಾಗುತ್ತದೆ.

ಬಿಡಬೇಕು ಅನ್ನುವವರಿಗೆ ಸರ್ಕಾರದ ಉಚಿತ ಕ್ವಿಟ್‌ಲೈನ್ ಇದೆ: 1800-11-2356. ಮೊದಲ ಫೋನ್ ಅಪ್ಪನೇ ಮಾಡಲಿ, ಮಗನ ಎದುರಿಗೇ.